ಜನ್ಮದಿನದ ಚೌಕದಲ್ಲಿ ಶ್ರಾದ್ಧ

ಖಾಲಿ ಚೌಕ ಕಂಡರೆ ತುಂಬದೆ ಬಿಡಲಾರದ ಸ್ವಭಾವ ನನ್ನದು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸುಲಭ. ಒಮ್ಮೆ ಬ್ಯಾಂಕಿನ ಅರ್ಜಿಯಲ್ಲಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂದಿದ್ದ ಜಾಗವನ್ನೂ ತುಂಬಿಕೊಟ್ಟಿದ್ದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಅದನ್ನು ಎರಡು ಸಲ ಓದಿ, ತಪ್ಪೇನೂ ಸಿಗದೆ, ನಿಟ್ಟುಸಿರು ಬಿಟ್ಟು ಸೀಲು ಹಾಕಿದಳು. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರ ದಾಖಲೆ ವಿಭಾಗದಲ್ಲಿ ಕೂತು ಎದ್ದವನಿಗೆ ಖಾಲಿ ಜಾಗವೆಂದರೆ ನಾಳೆ ಯಾರೋ ಏನೋ ಬರೆದುಬಿಡಬಹುದಾದ ಜಾಗ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಬರೆಯಬೇಕು. ನಿವೃತ್ತನಾದ ಮೇಲೆ ತುಂಬಲು ಚೌಕಗಳಿಲ್ಲದೆ ಹಾಲಿನ ಕಾರ್ಡು, ಗ್ಯಾಸಿನ ಪುಸ್ತಕ, ಗೋಡೆಯ ಕ್ಯಾಲೆಂಡರು ಇವುಗಳಲ್ಲೇ ಕಾಲ ಕಳೆಯುತ್ತಿದ್ದೆ. ಹೆಂಡತಿ ಸುಮಿತ್ರಾ ಇದನ್ನು ಗಮನಿಸಿ ನನಗೊಂದು ಕೆಲಸ ಹುಡುಕಿಕೊಟ್ಟಳು. ಆಮೇಲೆ ಆದದ್ದು ಆಗಿ ಹಲವು ವಾರ ಕಳೆದಿವೆ. ಮೊಬೈಲು ಟಣ್ ಎಂದರೆ ಈಗಲೂ ಎದೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ಏನನ್ನೂ ಸೇರಿಸದೆ ಹೇಳುತ್ತೇನೆ.

ಸುಮಿತ್ರಾಳ ಅಣ್ಣ ಶೇಷಣ್ಣ ಅಡುಗೆಯವರು. ಮದುವೆ ಮುಂಜಿಯ ಅಡುಗೆಯಲ್ಲ, ಶ್ರಾದ್ಧದ ಅಡುಗೆ. ಚಾಮರಾಜಪುರಂನ ಹಳೆಯ ಮನೆಗಳಲ್ಲಿ ತಂದೆಯದೋ ತಾಯಿಯದೋ ವಾರ್ಷಿಕ ಶ್ರಾದ್ಧ ಬಂತೆಂದರೆ, ಹಿಂದಿನ ಸಂಜೆ ಶೇಷಣ್ಣ ಬಂದು ಸಾಮಾನು ನೋಡಿ ಹೋಗುತ್ತಾರೆ. ಮಾರನೆಯ ಬೆಳಿಗ್ಗೆ ಮಡಿಯುಟ್ಟು ಒಲೆಯ ಮುಂದೆ ನಿಲ್ಲುತ್ತಾರೆ. ಮೆಣಸಿನ ಸಾರು, ಬಾಳೆಕಾಯಿ ಪಲ್ಯ, ವಡೆ, ಎಳ್ಳುಂಡೆ, ಪರಮಾನ್ನ. ಹೇಳಿಕಳಿಸುವ ಪದ್ಧತಿಯೇ ಇಲ್ಲ. ಮನೆಯವರಿಗಿಂತ ಮೊದಲು ಶೇಷಣ್ಣನಿಗೆ ನೆನಪಾಗುತ್ತದೆ. ಮಾರ್ಕೆಟ್ಟಿನಲ್ಲಿ ಯಾರಾದರೂ ಎದುರು ಸಿಕ್ಕಿದರೆ ಅವರ ಮುಖ ನೋಡಿದ ತಕ್ಷಣ ‘ಮಾರ್ಗಶಿರ ಶುದ್ಧ ದಶಮಿ, ತಂದೆ’ ಎಂದು ಒಳಗೇ ಹೊಳೆಯುತ್ತದಂತೆ. ಎಷ್ಟೋ ಜನರ ಹೆಸರು ಅವರಿಗೆ ಗೊತ್ತಿಲ್ಲ, ಅವರ ತಂದೆ ಹೋದ ದಿನ ಗೊತ್ತು.

ಹೀಗಿರುವಾಗ ಕಳೆದ ವರ್ಷ ಒಂದೇ ಬೆಳಿಗ್ಗೆ ಎರಡು ಮನೆ ಒಪ್ಪಿಕೊಂಡುಬಿಟ್ಟರು. ಒಂದು ಇಲ್ಲೇ ಮೂರನೆಯ ಅಡ್ಡರಸ್ತೆಯಲ್ಲಿ, ಇನ್ನೊಂದು ಊರಿನ ಆ ತುದಿಯ ಹೆಬ್ಬಾಳದಲ್ಲಿ. ಮಡಿ ಪಂಚೆಯಲ್ಲಿ ಆಟೋ ಹತ್ತಿ, ಸೀಟಿಗೆ ತಾಗದಂತೆ ಅರ್ಧ ನಿಂತುಕೊಂಡೇ ನಾಲ್ಕು ಸಲ ಓಡಾಡಿದರು. ಆಟೋದವನು ಕೊನೆಗೆ, ಸ್ವಾಮಿ, ಕೂತ್ಕೊಂಡ್ರೆ ದೇವ್ರು ಬೈಯಲ್ಲ, ನಿಂತ್ಕೊಂಡ್ರೆ ಪೊಲೀಸ್ನೋರು ಬೈತಾರೆ ಎಂದನಂತೆ. ಅಂದು ಸಂಜೆ ಮನೆಯಲ್ಲಿ ಸಭೆ ಸೇರಿತು. ಶೇಷಣ್ಣನಿಗೆ ವಯಸ್ಸಾಯಿತು, ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳುವುದು ಸಾಕು, ಎಲ್ಲ ಮನೆಗಳೂ ಕಂಪ್ಯೂಟರಿಗೆ ಹೋಗಲಿ ಎಂದು ತೀರ್ಮಾನವಾಯಿತು. ಬರೆಯುವವನು ನಾನು. ಶೇಷಣ್ಣ ಮಾತ್ರ ಉಗುರು ನೋಡಿಕೊಳ್ಳುತ್ತಿದ್ದರು.

ಶೇಷಣ್ಣನ ಮಗಳು ರಶ್ಮಿ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದಾಳೆ. ಅಪ್ಪನ ಹೆಸರಿನಲ್ಲಿ ಒಂದು ವೆಬ್‌ಸೈಟನ್ನು ಅವಳು ಮೊದಲೇ ಮಾಡಿಟ್ಟಿದ್ದಳು. ಆ ಕಡೆಯ ಹೊಸ ಬಡಾವಣೆಗಳಿಗೆ ಬಂದ ಸಂಸಾರಗಳಿಗೆ ಇಲ್ಲಿ ಯಾರೂ ಗೊತ್ತಿರುವುದಿಲ್ಲವಂತೆ. ಶ್ರಾದ್ಧದ ಹಿಂದಿನ ವಾರ ಮೊಬೈಲಿನಲ್ಲಿ ಹುಡುಕುತ್ತಾರಂತೆ. ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದು, ಆ ವೆಬ್‌ಸೈಟಿಗೆ ಒಂದು ಪ್ಲಗಿನ್ ಸೇರಿಸಿದಳು. ಗ್ರಾಹಕರ ಹೆಸರು, ವಿಳಾಸ, ಫೋನು, ಬಂದುಹೋದ ಮಾತುಕತೆ ಎಲ್ಲವನ್ನೂ ಒಂದು ಕಡೆ ಇಡುವ ಪುಟ್ಟ ತಂತ್ರಾಂಶ. ಓಪನ್ ಸೋರ್ಸ್ ಮಾವ, ಎಂದಳು. ಅಂದರೇನು ಎಂದು ಕೇಳಿದೆ. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು ಎಂದಳು. ಕೆಟ್ಟರೆ ಯಾರನ್ನು ಕೇಳಬೇಕು ಎಂದೆ. ಯಾರನ್ನು ಬೇಕಾದರೂ ಕೇಳಬಹುದು ಎಂದಳು. ಹಾಗೆಂದರೆ ಕೇಳಲು ಯಾರೂ ಇಲ್ಲವೆಂದು ನನ್ನ ಕಚೇರಿಯ ಅನುಭವ ಹೇಳಿತು; ಆದರೆ ಪರದೆಯ ಮೇಲೆ ಅಷ್ಟು ಚೌಕಗಳು ಸಾಲಾಗಿ ಖಾಲಿ ಕೂತಿದ್ದವು. ನನ್ನ ಕೈ ಆಗಲೇ ಕೀಲಿಗಳ ಮೇಲಿತ್ತು.

ಮೂರು ವಾರ ಕೆಲಸ ನಡೆಯಿತು. ಶೇಷಣ್ಣ ಎದುರಿಗೆ ಕೂತು ಮನೆ ಮನೆ ಹೇಳುವುದು, ನಾನು ಬರೆಯುವುದು. ಪ್ಲಗಿನ್ ಅನ್ನು ಯಾರೋ ಪುಣ್ಯಾತ್ಮರು ಕನ್ನಡಕ್ಕೂ ತಂದಿದ್ದರು, ಭಾಷೆ ಚೆನ್ನಾಗಿಯೇ ಇತ್ತು. ‘ಗ್ರಾಹಕರು ನಿಮ್ಮನ್ನು ತಲುಪಿದ್ದು ಹೇಗೆ?’ ಎಂಬಲ್ಲಿ ಜಾಹೀರಾತು, ಗೆಳೆಯರು, ಅಂತರಜಾಲ ಎಂದು ಮೂರು ಆಯ್ಕೆಯಿದ್ದವು. ಪುರೋಹಿತರು ಎಂಬುದನ್ನು ಸೇರಿಸಿಕೊಂಡೆ. ಆಮೇಲೆ ‘ನಿರೀಕ್ಷಿತ ಗ್ರಾಹಕರು’ ಎಂಬ ಪಟ್ಟಿ ಬಂತು. ಇನ್ನೂ ಗ್ರಾಹಕರಾಗಿಲ್ಲ, ಸದ್ಯದಲ್ಲೇ ಆಗಬಹುದಾದವರನ್ನು ಇದರಲ್ಲಿ ಬರೆಯಬೇಕು ಎಂದು ಕೆಳಗೆ ವಿವರಣೆಯಿತ್ತು. ಅದನ್ನು ಓದಿ ಹೇಳಿದೆ. ಶೇಷಣ್ಣ ನನ್ನ ಕಡೆ ತಿರುಗಿದರು.

“ಯಾರನ್ನ ಬರೆಸ್ಲಿ ಭಾವ? ಆಸ್ಪತ್ರೇಲಿರೋರ ಮಕ್ಕಳನ್ನಾ?”

ಆ ಪಟ್ಟಿಯಲ್ಲಿ ‘ಇಲ್ಲ’ ಎಂದು ಬರೆದೆ.

ಒಂದು ಮನೆಯಲ್ಲಿ ಅಣ್ಣ ತಮ್ಮಂದಿರು. ಕೆಳಗೊಬ್ಬರು, ಮೇಲೊಬ್ಬರು, ಮಾತು ಬಿಟ್ಟು ಹನ್ನೊಂದು ವರ್ಷ. ಒಬ್ಬನೇ ತಂದೆಯ ಶ್ರಾದ್ಧವನ್ನು ಒಂದೇ ದಿನ ಎರಡು ಅಡುಗೆಮನೆಯಲ್ಲಿ ಮಾಡುತ್ತಾರೆ. ಶೇಷಣ್ಣ ಕೆಳಗಿನದನ್ನು ಮುಗಿಸಿ ಇನ್ನೊಂದು ಮಡಿಪಂಚೆ ಉಟ್ಟು ಮೇಲೆ ಹತ್ತುತ್ತಾರೆ. ಇಬ್ಬರನ್ನೂ ಬರೆದ ತಕ್ಷಣ ಪರದೆಯ ಮೇಲೆ ಒಂದು ಹಳದಿ ಪಟ್ಟಿ ಮೂಡಿತು. ‘ಈ ಇಬ್ಬರೂ ಒಬ್ಬರೇ ಇರುವಂತೆ ತೋರುತ್ತದೆ. ಒಂದುಗೂಡಿಸಲೇ?’ ಬಂಧುಗಳು, ವಕೀಲರು, ಒಬ್ಬ ಸ್ವಾಮಿಗಳು ಎಲ್ಲರೂ ಕೈಬಿಟ್ಟ ಕೆಲಸಕ್ಕೆ ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು. ಶೇಷಣ್ಣ ಬೇಡ ಭಾವ, ನಮಗ್ಯಾಕೆ ಎಂದರು.

‘ಗ್ರಾಹಕರ ತೃಪ್ತಿ’ ಎಂಬ ಭಾಗವೂ ಇತ್ತು. ಊಟವಾದ ಮೇಲೆ ಗ್ರಾಹಕರಿಗೆ ಪ್ರಶ್ನೆ ಕಳಿಸಿ ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳುವ ಏರ್ಪಾಡು. ಶ್ರಾದ್ಧದಲ್ಲಿ ಊಟಕ್ಕೆ ಕೂತ ಬ್ರಾಹ್ಮಣರನ್ನು ಎಲೆಯ ಮುಂದೆಯೇ ‘ತೃಪ್ತರಾದಿರಾ’ ಎಂದು ಸಂಸ್ಕೃತದಲ್ಲಿ ಕೇಳುವುದಿದೆ, ಅವರು ‘ಆದೆವು’ ಎನ್ನುವುದಿದೆ. ಬೇರೆ ಉತ್ತರಕ್ಕೆ ಮಂತ್ರವಿಲ್ಲ. ಇಂಥ ವ್ಯವಹಾರದಲ್ಲಿ ನಕ್ಷತ್ರ ಕೇಳುವುದು ಅನಾವಶ್ಯಕವೆಂದು ಆ ಭಾಗವನ್ನು ಮುಚ್ಚಿದೆ. ಹೀಗೆ ಏನೇನು ಮುಚ್ಚಬೇಕೆಂದು ನನಗೆ ಸ್ವಲ್ಪ ಮಟ್ಟಿಗೆ ತಿಳಿದಿತ್ತು ಎಂಬುದನ್ನು ನನ್ನ ಪರವಾಗಿ ಇಲ್ಲಿ ದಾಖಲಿಸುತ್ತೇನೆ.

ತೊಡಕಾದದ್ದು ದಿನಾಂಕದಲ್ಲಿ. ನಮಗೆ ಬೇಕಾದ ಮುಖ್ಯ ಸಂಗತಿಯೆಂದರೆ ಶ್ರಾದ್ಧದ ದಿನ. ಅದಕ್ಕೆ ಪ್ಲಗಿನ್ನಿನಲ್ಲಿ ಚೌಕವಿಲ್ಲ. ಬಳಸುವವರೆಲ್ಲ ಸೇರಿ ಪ್ರಶ್ನೆ ಕೇಳುವ ವೇದಿಕೆಯೊಂದು ಅಂತರಜಾಲದಲ್ಲಿದೆ ಎಂದು ರಶ್ಮಿ ತೋರಿಸಿದ್ದಳು. ಅಲ್ಲಿ ನನ್ನ ಇಂಗ್ಲಿಷಿನಲ್ಲಿ ವಿನಯದಿಂದ, ಗ್ರಾಹಕರು ತೀರಿಕೊಂಡ ದಿನವನ್ನು ಎಲ್ಲಿ ಬರೆಯಬೇಕು ಎಂದು ಕೇಳಿದೆ. ಯಾವ ದೇಶದವರೋ ಒಬ್ಬರು, ತೀರಿಕೊಂಡವರು ಇನ್ನು ನಿಮ್ಮಿಂದ ಏನನ್ನು ಕೊಳ್ಳುತ್ತಾರೆ ಎಂದು ಕೇಳಿದರು. ಕೊಳ್ಳುವವರು ಅವರ ಮಕ್ಕಳು ಎಂದೆ. ಊಟ ಯಾರಿಗೆ ಎಂದರು. ತೀರಿಕೊಂಡವರಿಗೆ ಎಂದೆ. ಹಾಗಾದರೆ ನಿಮ್ಮ ಗ್ರಾಹಕರು ನಿಜವಾಗಿ ಯಾರು ಎಂದರು. ಒಳ್ಳೆಯ ಪ್ರಶ್ನೆ. ಎರಡು ದಿನ ಯೋಚಿಸಿದೆ, ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅವರು ಚರ್ಚೆ ಮುಗಿಯಿತೆಂದು ಬೀಗ ಹಾಕಿದ್ದರು.

ಉಳಿದದ್ದು ಒಂದೇ. ಪ್ರತಿ ಗ್ರಾಹಕರ ಪುಟದಲ್ಲೂ ‘ಜನ್ಮದಿನ’ ಎಂಬ ಚೌಕ ಖಾಲಿ ಬಿದ್ದಿತ್ತು. ಶೇಷಣ್ಣನಿಗೆ ಯಾರ ಜನ್ಮದಿನವೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ದಿನಾಂಕ ಹಿಡಿಯುವಷ್ಟೇ ಅಳತೆಯ ಚೌಕ. ಅದರಲ್ಲಿ ಶ್ರಾದ್ಧದ ದಿನ ಬರೆದೆ. ಶೇಷಣ್ಣ ತಿಥಿ ಹೇಳುತ್ತಿದ್ದರು. ನಾನು ಅವರ ಪಂಚಾಂಗವನ್ನು ನನ್ನ ಮೇಜಿಗೆ ತಂದಿಟ್ಟುಕೊಂಡು ಆ ತಿಥಿಯ ಎದುರಿಗಿದ್ದ ತಾರೀಖನ್ನು ಬರೆಯುತ್ತಿದ್ದೆ. ಇನ್ನೂರ ಹನ್ನೆರಡು ಮನೆ. ಒಂದು ಕಡೆಯೂ ಗೀಚಿಲ್ಲ, ಅಳಿಸಿಲ್ಲ. ಪ್ರತಿ ವಾರದ ಪಟ್ಟಿಯನ್ನು ಮುದ್ರಿಸಿ ಅವರ ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಇನ್ನು ನೀವು ಏನನ್ನೂ ನೆನಪಿಟ್ಟುಕೊಳ್ಳಬೇಡಿ ಎಂದು ಹೇಳಿದೆ. ಅವರು ವಿಧೇಯರಾಗಿ ಮರೆಯತೊಡಗಿದರು.

ಜನ್ಮದಿನಕ್ಕೆ ಮೂರು ದಿನ ಮುಂಚೆ ಗ್ರಾಹಕರ ಮೊಬೈಲಿಗೆ ತಾನಾಗಿಯೇ ಶುಭಾಶಯ ಕಳಿಸುವುದು ಆ ಪ್ಲಗಿನ್ನಿನ ಹುಟ್ಟುಗುಣವೆಂದು ನನಗೆ ಯಾರೂ ಹೇಳಿರಲಿಲ್ಲ. ರಶ್ಮಿ ನಂತರ, ಮಾವ, ಅಲ್ಲಿ ಶ್ರಾದ್ಧದ ದಿನ ಬರೀತೀರ ಅಂತ ನನಗೆ ಯಾರೂ ಹೇಳಿರ್ಲಿಲ್ಲ ಎಂದಳು. ಎರಡೂ ನಿಜ.

ಮೊದಲ ಪಟ್ಟಿ ಅಂಟಿಸಿದ ವಾರದಲ್ಲೇ, ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಮೊದಲ ಕಂತಿನ ಶುಭಾಶಯ ಮೂರು ಮನೆಗೆ ಹೋಯಿತು. ಒಬ್ಬರು ಮೊಬೈಲು ನೋಡುವುದೇ ಇಲ್ಲ. ಇನ್ನೊಬ್ಬರು ಇದು ವಂಚಕರ ಕೆಲಸವೆಂದು ತಿಳಿದು ನಮ್ಮ ನಂಬರನ್ನು ತಡೆದುಹಾಕಿ, ಹುಷಾರಾಗಿರಿ ಎಂದು ಶೇಷಣ್ಣನಿಗೇ ಫೋನು ಮಾಡಿ ಎಚ್ಚರಿಸಿದರು. ಮೂರನೆಯವರು ಪದ್ಮನಾಭಯ್ಯನವರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು, ಎಂಬತ್ತರ ಹತ್ತಿರ, ನಮ್ಮ ಪಕ್ಕದ ಅಡ್ಡರಸ್ತೆ. ಇಪ್ಪತ್ತಾರು ವರ್ಷದ ಹಿಂದೆ ಶೇಷಣ್ಣನಿಗೆ ಮೊದಲ ಬಾರಿ ಸ್ವತಂತ್ರವಾಗಿ ಒಲೆ ಹಚ್ಚಲು ಬಿಟ್ಟ ಮನೆ ಅವರದು. ಅವರ ತಾಯಿಯ ಶ್ರಾದ್ಧ ಶ್ರಾವಣ ಬಹುಳ ಪಂಚಮಿ. ಅವರಿಗೆ ಹೋದ ಸಂದೇಶ ಹೀಗಿತ್ತು:

‘ಪ್ರಿಯ ಪದ್ಮನಾಭಯ್ಯ ಅವರೇ, ಇದೇ ಗುರುವಾರ ನಿಮ್ಮ ವಿಶೇಷ ದಿನ! ನಗುನಗುತ್ತಾ ಆಚರಿಸಿ. ಈ ಸಂತಸದ ದಿನ ವರ್ಷ ವರ್ಷವೂ ಮರಳಿ ಬರಲಿ. ಊಟದ ಚಿಂತೆ ನಮಗೆ ಬಿಡಿ. ನಿಮ್ಮ ಶೇಷಣ್ಣ.’

ಕೆಳಗೆ ಮೇಣದ ಬತ್ತಿ ಹಚ್ಚಿದ ಕೇಕಿನ ಚಿತ್ರ, ಎರಡು ಬಲೂನು.

ಶೇಷಣ್ಣ ಮೊಬೈಲು ಹಿಡಿದು ನಮ್ಮ ಮನೆಗೆ ಬಂದರು. ಕೂರಲಿಲ್ಲ. “ಭಾವ, ಪದ್ಮನಾಭಯ್ಯನೋರಿಗೆ ಏನೋ ಕಳಿಸ್ಬುಟ್ಟಿದೀರಂತೆ. ಕಂಪ್ಯೂಟರ್‌ಗೆ ಹಾಕಿದೋರು ಮನೇಗೆ ಬರ್ಬೇಕಂತೆ, ಇವತ್ತೇ” ಎಂದರು. ಬೈದರೇ ಎಂದು ಕೇಳಿದೆ. “ಇಲ್ಲ. ಏನೂ ಅನ್ಲಿಲ್ಲ. ಅದಕ್ಕೇ ಭಯ.”

ಆಮೇಲೆ ಬಾಗಿಲ ಚೌಕಟ್ಟಿಗೆ ಹೇಳುವವರಂತೆ ಹೇಳಿದರು. “ಆ ಮನೆಯೋರು ಬೇಡ ಅಂದ್ಬುಟ್ರೆ ಪುರೋಹಿತ್ರು ಇನ್ನೆಲ್ಲೂ ನನ್ನ ಹೆಸರು ಎತ್ತಲ್ಲ. ಬರೋ ತಿಂಗಳು ಪಿತೃಪಕ್ಷ. ನನಗೆ ಬೇರೆ ಕೆಲಸ ಬರಲ್ಲ ಭಾವ.”

ಅವರು ಹೋದ ಮೇಲೆ ಸಂದೇಶವನ್ನು ನಾನು ವಾಕ್ಯ ವಾಕ್ಯವಾಗಿ ಪರಿಶೀಲಿಸಿದೆ. ಗಾಬರಿಯಾದಾಗ ನನಗೆ ಬರುವುದು ಅದೊಂದೇ. ಗುರುವಾರ ಎಂಬುದು ಸರಿ. ವಿಶೇಷ ದಿನ ಎಂಬುದನ್ನು ಅಲ್ಲಗಳೆಯಲಾಗದು. ವರ್ಷ ವರ್ಷವೂ ಮರಳಿ ಬರುತ್ತದೆ. ಊಟದ ಚಿಂತೆ ನಮಗೆ ಬಿಟ್ಟದ್ದೇ. ಒಟ್ಟಿನಲ್ಲಿ ತಪ್ಪಿರುವುದು ‘ನಗುನಗುತ್ತಾ’, ‘ಸಂತಸದ’ ಎಂಬ ಎರಡು ಪದ, ಒಂದು ಕೇಕು, ಎರಡು ಬಲೂನು. ಇದನ್ನು ಸುಮಿತ್ರಾಳಿಗೆ ವಿವರಿಸಿದೆ. ಅವಳು ಕರಿಬೇವು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. “ರೀ, ಈ ಲೆಕ್ಕ ಅವರ ಮುಂದೆ ಒಪ್ಪಿಸ್ಬೇಡಿ. ಕ್ಷಮಿಸಿ ಅಂದು ಎದ್ದು ಬನ್ನಿ” ಎಂದಳು.

ಪದ್ಮನಾಭಯ್ಯನವರು ಹಜಾರದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಮುಂದಿನ ಮೇಜಿನ ಮೇಲೆ ಮೊಬೈಲು, ಪಂಚಾಂಗ, ಒಂದು ಭೂತಗನ್ನಡಿ ಸಮಾನ ಅಂತರದಲ್ಲಿದ್ದವು. ಕಾಫಿ ಬಂತು. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿದ್ದ ಕ್ಷಮಾಪಣೆಯನ್ನು ಆರಂಭಿಸಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

“ಇದರಲ್ಲಿ ಗುರುವಾರ ಅಂತ ಬರೆದೋರು ಯಾರು?”

“ನಾನೇ ಸಾರ್.”

“ಏನು ನೋಡಿ ಬರೆದ್ರಿ?”

“ಪಂಚಾಂಗ ಸಾರ್. ಗುರುವಾರದ ಎದುರಿಗೆ ಪಂಚಮಿ ಅಂತಿದೆ.”

“ಎಷ್ಟು ಗಂಟೇವರೆಗೆ ಅಂತಿದೆ?”

ಅದನ್ನು ನಾನು ನೋಡಿರಲಿಲ್ಲ. ಅವರು ಪಂಚಾಂಗವನ್ನೂ ಭೂತಗನ್ನಡಿಯನ್ನೂ ನನ್ನ ಕಡೆ ತಳ್ಳಿದರು. ಗುರುವಾರ ಬೆಳಿಗ್ಗೆ ಎಂಟೂ ಮುಕ್ಕಾಲರವರೆಗೆ ಪಂಚಮಿ ಎಂದಿತ್ತು. ಗಟ್ಟಿಯಾಗಿ ಓದಿದೆ.

“ಶ್ರಾದ್ಧ ಎಷ್ಟು ಹೊತ್ತಿಗೆ ಮಾಡ್ತಾರೆ?”

“ಮಧ್ಯಾಹ್ನ.”

“ಗುರುವಾರ ಮಧ್ಯಾಹ್ನ ಯಾವ ತಿಥಿ ಇರುತ್ತೆ?”

“ಷಷ್ಠಿ ಸಾರ್.”

“ಬುಧವಾರ ಮಧ್ಯಾಹ್ನ?”

ನನಗೆ ಉತ್ತರ ಗೊತ್ತಾಗಿತ್ತು. ಪಂಚಾಂಗದಲ್ಲಿ ದಿನದ ಎದುರಿಗೆ ಬರೆದಿರುವುದು ಸೂರ್ಯೋದಯದ ಹೊತ್ತಿಗೆ ಇರುವ ತಿಥಿ. ಶ್ರಾದ್ಧಕ್ಕೆ ಬೇಕಾದದ್ದು ಮಧ್ಯಾಹ್ನದ ಮೇಲೆ ಇರುವ ತಿಥಿ. ಪಂಚಮಿ ಬುಧವಾರ. ಶೇಷಣ್ಣನ ಬಾಗಿಲಿಗೆ ನಾನೇ ಅಂಟಿಸಿದ್ದ ಪಟ್ಟಿಯಲ್ಲಿ ಬುಧವಾರದ ಎದುರು ‘ಬಿಡುವು’ ಎಂದಿತ್ತು.

ಕೇಕಿನ ವಿಷಯ ಎತ್ತಬಾರದೆಂದು ಹೆಂಡತಿ ಹೇಳಿದ್ದರೂ ತಡೆಯಲಾಗಲಿಲ್ಲ. ಆ ಚಿತ್ರದ ಬಗ್ಗೆಯೂ ಕ್ಷಮಿಸಬೇಕು ಎಂದೆ. “ಅದಾ?” ಎಂದರು ಪದ್ಮನಾಭಯ್ಯನವರು. “ದಿನಾ ಏನೇನೋ ಬರುತ್ತೆ ಕಣ್ರೀ ಇದರಲ್ಲಿ. ಒಬ್ಬ ಸೈಟ್ ಬೇಕಾ ಅಂತಾನೆ, ಒಬ್ಬ ಕೂದಲು ಬೆಳೆಸ್ತೀನಿ ಅಂತಾನೆ. ಬಲೂನು ಯಾವ ದೊಡ್ಡ ವಿಷಯ.” ತಲೆಯನ್ನೊಮ್ಮೆ ಸವರಿಕೊಂಡರು. ಅಲ್ಲಿ ಕೂದಲಿರಲಿಲ್ಲ. ಆಮೇಲೆ ಸ್ವಲ್ಪ ಮೆಲ್ಲಗೆ ಹೇಳಿದರು. “ಇದು ಬಂದದ್ದು ಒಳ್ಳೇದೇ ಆಯ್ತು. ಇಲ್ಲದಿದ್ರೆ ಶೇಷಣ್ಣ ಗುರುವಾರ ಬಂದು ನಿಂತಿರ್ತಿದ್ದ. ನಮ್ಮಮ್ಮ ಬುಧವಾರ ಬಂದು, ಕಾದು, ಹೊರಟುಹೋಗಿರ್ತಿದ್ಲು. ಕಾಯೋ ಸ್ವಭಾವದೋಳಲ್ಲ.”

ನಾನು ಕಾಫಿ ಲೋಟ ಕೆಳಗಿಟ್ಟೆ. “ಉಳಿದೋರದ್ದು ಹೇಗೆ ಬರೆದಿದೀರಿ?” ಎಂದು ಕೇಳಿದರು. ಹೀಗೇ ಎಂದೆ. “ಹಾಗಾದ್ರೆ ಇಲ್ಲಿ ಯಾಕೆ ಕೂತಿದೀರಿ?”

ಚಾಮರಾಜಪುರಂನ ಆ ಎರಡು ಅಡ್ಡರಸ್ತೆಗಳನ್ನು ನಾನು ಯಾವಾಗಲೂ ಎಂಟು ನಿಮಿಷದಲ್ಲಿ ನಡೆಯುತ್ತೇನೆ. ಅಂದು ಎಷ್ಟು ಹಿಡಿಯಿತೋ ಗೊತ್ತಿಲ್ಲ, ಗಡಿಯಾರ ನೋಡಿಕೊಳ್ಳಲಿಲ್ಲ. ನನ್ನ ಮೇಜಿನ ಮೇಲಿದ್ದ ಪಂಚಾಂಗವನ್ನು ತೆಗೆದುಕೊಂಡು ಶೇಷಣ್ಣನ ಮನೆಗೆ ಹೋಗಿ, ಅದನ್ನು ಅವರ ಕೈಗೆ ಕೊಟ್ಟು, ಬುಧವಾರ ಎಂದೆ. ಅವರು ಪುಟ ತೆರೆಯಲೂ ಇಲ್ಲ. ಬುಧವಾರವೇ ಅಲ್ಲವೇ, ನನಗೂ ಹಾಗೇ ಅನ್ನಿಸಿತ್ತು, ನೀವು ನೆನಪಿಟ್ಟುಕೊಳ್ಳಬೇಡಿ ಅಂದಿರಲ್ಲ ಅಂತ ಸುಮ್ಮನಿದ್ದೆ ಎಂದರು. ಇಬ್ಬರೂ ಎರಡು ದಿನ ಕೂತು ಇನ್ನೂರ ಹನ್ನೆರಡು ಮನೆಗಳನ್ನೂ ಮತ್ತೆ ನೋಡಿದೆವು. ಅರ್ಧದ ಹತ್ತಿರ ಹತ್ತಿರ ತಪ್ಪಿದ್ದವು, ಎಲ್ಲವೂ ಒಂದೊಂದು ದಿನ ತಡ, ಎಲ್ಲವೂ ಅಂದವಾದ ಅಕ್ಷರಗಳಲ್ಲಿ. ನಾನು ತಿಥಿ ಓದುವ ಮೊದಲೇ ಶೇಷಣ್ಣ ವಾರ ಹೇಳುತ್ತಿದ್ದರು. ಇಷ್ಟು ಜ್ಞಾಪಕವಿಟ್ಟುಕೊಂಡು ಕಳೆದ ವರ್ಷ ಆ ಎರಡು ಮನೆ ಹೇಗೆ ಮರೆತಿರಿ ಎಂದು ಕೇಳಿಯೇಬಿಟ್ಟೆ.

“ಮರೆತಿರ್ಲಿಲ್ಲ ಭಾವ. ಎರಡೂ ಒಂದೇ ದಿನ ಅಂತ ಗೊತ್ತಿತ್ತು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ಅಷ್ಟೇ.”

ಅಂದರೆ ಇಷ್ಟೆಲ್ಲಕ್ಕೂ ಕಾರಣವಾದ ಕಾಯಿಲೆ ಇದ್ದದ್ದು ಬೇರೆ ಕಡೆ. ಅದಕ್ಕೆ ಯಾವ ಪ್ಲಗಿನ್ನಿನಲ್ಲೂ ಚೌಕವಿದೆಯೆಂದು ನನಗನ್ನಿಸುವುದಿಲ್ಲ.

ಬುಧವಾರ ಪದ್ಮನಾಭಯ್ಯನವರ ಮನೆಯಲ್ಲಿ ಶ್ರಾದ್ಧ ನಡೆಯಿತು. ನನ್ನನ್ನೂ ಊಟಕ್ಕೆ ಕರೆದಿದ್ದರು. ಅಡುಗೆಮನೆಯಿಂದ ಎಣ್ಣೆಗೆ ವಡೆ ಬೀಳುವ ಸದ್ದು ಕೇಳಿದಾಗ ನನಗೆ ಎರಡು ದಿನದಿಂದ ಕಟ್ಟಿದ್ದ ಉಸಿರು ಸಡಿಲವಾಯಿತು. ಹೊರಡುವಾಗ ಪದ್ಮನಾಭಯ್ಯನವರು ಶೇಷಣ್ಣನಿಗೆ, ಪಿತೃಪಕ್ಷದ ಅಮಾವಾಸ್ಯೆಯಂದು ತಮ್ಮ ತಂಗಿಯ ಮನೆಗೂ ಬರಬೇಕೆಂದು ಹೇಳಿದರು. ಶೇಷಣ್ಣ, ಆವತ್ತು ಬೇರೆ ಮನೆ ಒಪ್ಪಿಕೊಂಡಿದೀನಿ, ಆಗಲ್ಲ ಎಂದರು. ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಅವರು ಹೇಳಿದ ಮೊದಲ ‘ಇಲ್ಲ’. ಹೇಳಿ ತಾವೇ ಬೆಚ್ಚಿದಂತೆ ನಿಂತರು. ಪದ್ಮನಾಭಯ್ಯನವರು, ಸರಿ, ಮುಂದಿನ ವರ್ಷಕ್ಕೆ ಈಗಲೇ ಬರ್ಕೊಳ್ಳಿ ಎಂದರು. ನನ್ನ ಕಡೆ ತಿರುಗಿ, ಮೂರು ದಿನ ಮುಂಚೆ ಬರುವ ಆ ಸಂದೇಶವನ್ನು ನಿಲ್ಲಿಸಬಾರದು, ಬಂದರೆ ನೀವು ಏನು ತಪ್ಪು ಮಾಡಿದ್ದೀರಿ ಎಂದು ತಿಳಿಯುತ್ತದೆ ಎಂದೂ ಹೇಳಿದರು.

ರಶ್ಮಿ ಆ ಭಾನುವಾರ ಬಂದು ಸಂದೇಶದ ಮಾತು ಬದಲಿಸಿದಳು, ಕೇಕು ತೆಗೆದಳು, ಶ್ರಾದ್ಧಕ್ಕೆಂದೇ ಒಂದು ಹೊಸ ಚೌಕ ಮಾಡಿದಳು. ಅದು ಹತ್ತು ನಿಮಿಷದ ಕೆಲಸವೆಂದು ಆಗ ಗೊತ್ತಾಯಿತು. ಇನ್ನು ಮೇಲೆ ಅಪ್ಪ ಫೋನಿನಲ್ಲಿ ದಿನ ಹೇಳುತ್ತಾರೆ, ನಾನು ಬಸ್ಸಿನಲ್ಲಿ ಬರುವಾಗ ಬರೆದುಕೊಳ್ಳುತ್ತೇನೆ ಎಂದಳು. ಮಾವ ಎಲ್ಲವನ್ನೂ ನೋಡ್ತಾ ಇರ್ಲಿ, ಹಿರಿಯರ ಕಣ್ಣು ಬೇಕು ಎಂದೂ ಸೇರಿಸಿದಳು. ನನಗೆ ಗೌರವವೆನಿಸಿತು. ಈಗ ಪ್ರತಿದಿನ ಬೆಳಿಗ್ಗೆ ಕಾಫಿಯಾದ ಮೇಲೆ ತೆರೆದು ಇನ್ನೂರ ಹನ್ನೆರಡು ಮನೆಗಳನ್ನೂ ಒಂದೊಂದಾಗಿ ನೋಡುತ್ತೇನೆ. ಮೊದಲ ದಿನವೇ ಒಂದು ವಿಳಾಸದಲ್ಲಿ ಪಿನ್‌ಕೋಡ್ ತಪ್ಪಿದ್ದು ಕಂಡಿತು. ತಿದ್ದಲು ಹೋದರೆ ‘ಉಳಿಸಿ’ ಎಂಬ ಗುಂಡಿಯೇ ಕಾಣಲಿಲ್ಲ. ಗುಂಡಿ ಕೆಟ್ಟಿದೆಯೆಂದು ರಶ್ಮಿಗೆ ಫೋನು ಮಾಡಿದೆ. “ಕೆಟ್ಟಿಲ್ಲ ಮಾವ, ಸರಿಯಾಗೇ ಇದೆ. ನಿಮಗೆ ಕಾಣಿಸ್ತಿಲ್ಲ ಅಷ್ಟೇ” ಎಂದಳು. ಎರಡು ದಿನ ಕನ್ನಡಕ ಒರೆಸಿ ಒರೆಸಿ ನೋಡಿದೆ. ಮೂರನೆಯ ದಿನ ಅರ್ಥವಾಯಿತು. ಮಾವ ನೋಡುತ್ತಿರಲಿ ಎಂದಿದ್ದಳು, ತಿದ್ದುತ್ತಿರಲಿ ಎಂದಿರಲಿಲ್ಲ.